ಪಾಪಯ್ಯನ ತಲೆಯ ಟವೆಲ್ಲು

ಪಾಪಯ್ಯ ಹುಟ್ಟಿದಾಗ ಸೂಲಗಿತ್ತಿ ಎರಡು ಹೆಜ್ಜೆ ಹಿಂದೆ ಸರಿದಳಂತೆ. ಅಪ್ಪ ಕಪ್ಪು, ಅವ್ವ ಕಪ್ಪು, ಮಗು ಮಾತ್ರ ಹಾಲಿನ ಬಿಳುಪು. ನಂದಗುಡಿ ಕಡೆಯ ಆ ಊರಿಗೆ ಕುಚೋದ್ಯಕ್ಕೇನೂ ಬರವಿರಲಿಲ್ಲ. ಇಟ್ಟ ಹೆಸರು ಪಾಪಯ್ಯ, ಕರೆದದ್ದು ‘ದೊರೆ’. ದೊರೆ ಎಂದವರೇ ಹತ್ತನೇ ವಯಸ್ಸಿಗೆ ಅವನನ್ನು ಜೀತಕ್ಕೆ ನೂಕಿದರು.

ಜೀತವಿದ್ದದ್ದು ಈಗಿನ ಧಣಿ ರಾಮಾಂಜಿನಪ್ಪನ ಅಪ್ಪನ ಮನೆಯಲ್ಲಿ. ಆ ಮನೆಗೊಂದು ರಿವಾಜಿತ್ತು. ಕೇರಿಯವರು ಅವರ ರಾಗಿ ಕಣಕ್ಕೆ ಕಾಲಿಡುವಾಗ ಕಾಲಿನ ಮೆಟ್ಟು, ತಲೆಯ ಟವೆಲ್ಲು ಎರಡೂ ಬೇಲಿಯ ಹೊರಗಿರಬೇಕು. ಮೆಟ್ಟು ಬಿಡುವುದು ಕಣಕ್ಕೆ ಕೊಡುವ ಮರ್ಯಾದೆ, ಅದನ್ನು ಧಣಿಯೂ ಬಿಡುತ್ತಿದ್ದ. ಟವೆಲ್ಲು ತೆಗೆಯುವುದು ಧಣಿಗೆ ಕೊಡುವ ಮರ್ಯಾದೆ. ಉಳಿದ ಆಳುಗಳಿಗೆ ಅದು ಅವಮಾನ, ಪಾಪಯ್ಯನಿಗೆ ಬೆಂಕಿ. ಬಿಸಿಲನ್ನು ತಡೆಯುವ ಬಣ್ಣವೇ ಅವನ ಚರ್ಮದಲ್ಲಿರಲಿಲ್ಲ. ಸಂಜೆಯೊಳಗೆ ಕಿವಿ, ಮೂಗು, ಕತ್ತು ಸುಟ್ಟ ಬದನೆಕಾಯಿಯ ಹಾಗೆ ಸುಲಿಯುತ್ತಿದ್ದವು. ಒಮ್ಮೆ ಮರೆತು ಟವೆಲ್ಲು ಸುತ್ತಿಕೊಂಡೇ ಒಳಗೆ ಬಂದದ್ದಕ್ಕೆ ಹಳೇ ಧಣಿ ಬಾರುಕೋಲಿನಿಂದ ಬಾರಿಸಿದ. ಬಾಸುಂಡೆ ಹದಿನೈದು ದಿನಕ್ಕೆ ಮಾಯಿತು. ಬಿಸಿಲಿನ ಏಟು ಮಾಯಲಿಲ್ಲ. ಚರ್ಮದೊಳಗೆ ನಲವತ್ತು ವರ್ಷ ಹೊಂಚು ಹಾಕಿ ಕೂತಿತ್ತು.

ಜೀತ ಮುಗಿದು ಕೂಲಿಯಾಯಿತು, ಕಣ ಅದೇ ಉಳಿಯಿತು. ಐವತ್ತೈದರ ಸುಮಾರಿಗೆ ಬಲಗಿವಿಯ ಮೇಲೆ ಕಡಲೆಕಾಳಿನಷ್ಟು ಹುಣ್ಣೆದ್ದಿತು. ಹೆಂಡತಿ ಅಕ್ಕಯಮ್ಮ ನರಹುಲಿ ಎಂದುಕೊಂಡು ಸುಣ್ಣ, ಬೆಲ್ಲ ಕಲಸಿ ಹಚ್ಚಿದಳು. “ಉರೀಲಿ ತಡ್ಕೋ, ಉರಿದ್ರೇನೇ ಬೇರು ಸಾಯೋದು.” ಅವನು ಹಲ್ಲು ಕಚ್ಚಿ ಒಂದು ವರ್ಷ ತಡೆದುಕೊಂಡ. ಬೇರು ಸಾಯಲಿಲ್ಲ, ಕಿವಿ ಕೊಳೆಯಿತು.

ಮಗ ಮುರಳಿ ಕೊನೆಗೆ ಬೆಂಗಳೂರಿನ ಆಸ್ಪತ್ರೆಗೆ ಎಳೆದುಕೊಂಡು ಹೋದ. ಡಾಕ್ಟರಮ್ಮ ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿಸಿ, ಚರ್ಮದ ಕ್ಯಾನ್ಸರ್ ಎಂದರು. ಕಿವಿಯನ್ನು ಬುಡಸಮೇತ ತೆಗೆದರು. “ತಿಂಗಳಾದ್ರೂ ಮಾಯದ ಹುಣ್ಣನ್ನ ಯಾರಾದ್ರೂ ಮನೇಲಿಟ್ಕೋತಾರಾ?” ಎಂದು ಬೈದರು. ಆಮೇಲೆ ಅವರ ಕಣ್ಣು ಮುರಳಿಯ ಪಕ್ಕದಲ್ಲಿದ್ದ ಮಗಳು ಸಂಘಮಿತ್ರಳ ಮೇಲೆ ಬಿತ್ತು. ತಾತನದೇ ಬಿಳುಪು, ದೂರದ್ದು ಕಾಣದ ತಾತನದೇ ಮಂಜುಗಣ್ಣು.

“ಇವಳನ್ನಾದ್ರೂ ಉಳಿಸ್ಕೊಳ್ಳಿ. ಅಗಲ ಟೋಪಿ, ತುಂಬುತೋಳು, ಸನ್‌ಸ್ಕ್ರೀನ್. ಹತ್ತರಿಂದ ನಾಲ್ಕರವರೆಗೆ ಆದಷ್ಟೂ ನೆರಳಲ್ಲಿರ್ಲಿ.”

ಪಾಪಯ್ಯ ಹೊಸಕೋಟೆಯಲ್ಲಿ ಅಗಲ ಅಂಚಿನ ನೀಲಿ ಟೋಪಿ ಕೊಂಡ. ದಿನಾ ಬೆಳಿಗ್ಗೆ ಗೋಡೆಗೆ ಸುಣ್ಣ ಬಳಿಯುವವನಂತೆ ಮೊಮ್ಮಗಳ ಮುಖಕ್ಕೆ ಕ್ರೀಮು ಬಳಿದ. ತಾನೂ ಊರೆಲ್ಲ ಟವೆಲ್ಲು ಸುತ್ತಿಕೊಂಡೇ ತಿರುಗಿದ. ಆದರೆ ಆ ಕಣದ ಬೇಲಿ ಹತ್ತಿರ ಬಂದರೆ ಕೈ ತಾನಾಗಿ ಮೇಲೆದ್ದು ಟವೆಲ್ಲು ಎಳೆಯುತ್ತಿತ್ತು. ಕಿವಿ ಹೋದರೂ ಚಟ ಹೋಗಿರಲಿಲ್ಲ, ಥೂ.

ಹೋದ ಜನವರಿಯ ಒಂದು ಭಾನುವಾರ ಪಾಪಯ್ಯ ಆ ಕಣದಲ್ಲಿ ಬರಿದಲೆಯಲ್ಲಿ ಹುಲ್ಲು ತಿರುವುತ್ತಿದ್ದ. ಹನ್ನೊಂದು ವರ್ಷದ ಸಂಘಮಿತ್ರ ಅವನಿಗೆ ಮಜ್ಜಿಗೆ ತಂದಳು. ಬೇಲಿಯಾಚೆ ಚಪ್ಪಲಿ ಬಿಟ್ಟಳು, ಟೋಪಿ ಬಿಡಲಿಲ್ಲ. ರಾಮಾಂಜಿನಪ್ಪ ಹೊಂಗೆ ಮರದ ನೆರಳಿನಲ್ಲಿ, ತಲೆಗೆ ಟವೆಲ್ಲು ಸುತ್ತಿಕೊಂಡು ಕೂತಿದ್ದ.

“ಟೋಪಿ ತೆಗಿಯಮ್ಮ. ನಿಮ್ಮ ತಾತ ಹೇಳ್ಕೊಟ್ಟಿಲ್ವಾ?”

“ತೆಗೀಬಾರ್ದು ಅಂತ ಡಾಕ್ಟ್ರು ಹೇಳವ್ರೆ.”

ರಾಮಾಂಜಿನಪ್ಪ ಎದ್ದು ಬಂದು ಊರುಗೋಲಿನಿಂದ ಟೋಪಿ ಹಾರಿಸಿದ. ಹುಡುಗಿಯ ಹೆಗಲು ಅದುಮಿ ಹಿಡಿದ. “ನಿಂತ್ಕೋ ಇಲ್ಲೇ. ಬಿಸ್ಲು ಎಲ್ರಿಗೂ ಒಂದೇ.”

ದೂರದಿಂದ ಪಾಪಯ್ಯನಿಗೆ ಮಾತು ಕೇಳಿಸಿತು, ಮುಖಗಳು ಕಾಣುತ್ತಿರಲಿಲ್ಲ. ಬಿಳುಪಿನ ಮೇಲಿದ್ದ ನೀಲಿ ಕೆಳಗೆ ಬಿದ್ದದ್ದು ಕಂಡಿತು. ಓಡಿ ಬಂದ.

“ಸ್ವಾಮಿ, ಮಗೀಗೆ ಟೋಪಿ ಕೊಡಿ. ಕೈ ಮುಗೀತೀನಿ.”

ರಾಮಾಂಜಿನಪ್ಪ ಟೋಪಿಯ ಮೇಲೆ ಕಾಲಿಟ್ಟ.

ಬಡವನ ಸಿಟ್ಟು ದವಡೆಗೆ ಮೂಲ ಎಂದು ಊರು ಗಾದೆ ಮಾಡಿಟ್ಟುಕೊಂಡಿದೆ. ಆವತ್ತು ದವಡೆ ಬೇರೆಯವರದಾಯಿತು. ಹುಲ್ಲು ತಿರುವುವ ಕೋಲಿನ ಮೊದಲ ಏಟು ರಾಮಾಂಜಿನಪ್ಪನ ಮೊಣಕಾಲಿಗೆ, ಎರಡನೆಯದು ಮಣಿಕಟ್ಟಿಗೆ. ಮೂಳೆ ಲಟಕ್ಕೆಂದದ್ದು ಕಣದ ಆಳುಗಳಿಗೆಲ್ಲ ಕೇಳಿಸಿತು. ಮೂರನೆಯದು ದವಡೆಗೇ ಬಿತ್ತು. ಬಿದ್ದವನನ್ನು ಪಾಪಯ್ಯ ಕೊರಳಪಟ್ಟಿ ಹಿಡಿದು ಕಣದ ನಡುವಿಗೆ ದರದರ ಎಳೆದ. ಅವನ ತಲೆಯ ಟವೆಲ್ಲು ಕಿತ್ತು ಬಿಸಾಡಿದ.

“ಬಿಸ್ಲು ಎಲ್ರಿಗೂ ಒಂದೇ ಅಂದ್ಯಲ್ಲ, ಕುಡಿ! ನಲವತ್ತು ವರ್ಷ ನಾನು ಕುಡ್ದಿದ್ದೀನಿ!”

ಬಾಯಿಯ ರಕ್ತ ರಾಗಿಯ ಮೇಲೆ ತೊಟ್ಟಿಕ್ಕಿತು. ರಾಮಾಂಜಿನಪ್ಪನ ಮಗ ಆನಂದ್ ಟ್ರ್ಯಾಕ್ಟರಿನಿಂದ ಕಬ್ಬಿಣದ ರಾಡು ಎಳೆದು ತಂದು ಪಾಪಯ್ಯನ ಭುಜಕ್ಕೆ ಬೀಸಿದ. ಭುಜ ಜೋತುಬಿತ್ತು. ಪಾಪಯ್ಯ ಇನ್ನೊಂದು ಕೈಯಲ್ಲೇ ಕೋಲೆತ್ತಿದ. ಆ ಗಳಿಗೆಯಲ್ಲಿ ಅವನು ಕೊಂದೇಬಿಡುತ್ತಿದ್ದ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

“ತಾತಾ, ಸುಡ್ತೈತೆ!” ಎಂದು ಹುಡುಗಿ ಚೀರಿದಳು.

ಕೋಲು ಕೆಳಗಿಳಿಯಿತು. ಪಾಪಯ್ಯ ಟೋಪಿ ಎತ್ತಿ, ಹೊಟ್ಟು ಕೊಡವಿ, ಮೊಮ್ಮಗಳ ತಲೆಗಿಟ್ಟ. ಬೇಲಿಗೆ ಹೋಗಿ ತನ್ನ ಟವೆಲ್ಲು ತಂದು ಕಣದ ಮಧ್ಯೆ ನಿಂತು, ಒಂದೇ ಕೈಯಲ್ಲಿ ತಲೆಗೆ ಸುತ್ತಿಕೊಂಡ. ಆಳುಗಳು ಆನಂದನನ್ನು ಹಿಡಿದು ನಿಂತಿದ್ದರು.

ಪೊಲೀಸ್ ಜೀಪು ಬಂತು. ಇನ್‌ಸ್ಪೆಕ್ಟರ ಹಿಂದೆ ಇಳಿದ ಪೇದೆ ಲಾಠಿ ತೋರಿಸಿದ. “ಲೇ, ಸಾಹೇಬ್ರ ಮುಂದೆ ಟವೆಲ್ ತೆಗಿ ಮೊದ್ಲು.”

“ನೆರಳಿಗೆ ಬನ್ನಿ ಸ್ವಾಮಿ, ಅಲ್ಲಿ ತೆಗೀತೀನಿ.”

ಲಾಠಿ ಬೆನ್ನಿಗೆ ಬಿತ್ತು. ಇನ್ನೊಮ್ಮೆ ಬಿತ್ತು. ಟವೆಲ್ಲು ಜಾಗ ಬಿಟ್ಟು ಕದಲಲಿಲ್ಲ. ಜೀಪಿಗೆ ಹತ್ತಿಸುವಾಗ ಪಾಪಯ್ಯ ತಿರುಗಿ ನೋಡಿದ. ಮೊಮ್ಮಗಳ ಮುಖ ಅವನಿಗೆ ಕಾಣಲಿಲ್ಲ. ನೀಲಿ ಟೋಪಿ ಕಂಡಿತು.