ನಾಲಿಗೆಗೆ ಅಂಟುವ ಇದ್ದಿಲು

ಬೆಳಗಿನ ಐದು ಗಂಟೆ. ಶಿಕೆಂಗ್ ಊರಿನ ಮೇಲಿನ ಗುಡ್ಡದಲ್ಲಿ ಲಾನ್ ಸುಚಿನ್ ಇದ್ದಿಲು ಸುಡುವ ಗೂಡಿನ ಬಾಯಿಯ ಮಣ್ಣು ಕೆರೆಯುತ್ತಿದ್ದಾರೆ. ಆರಿದ ಬಿದಿರಿನ ಇದ್ದಿಲೊಂದನ್ನು ಎಳೆದು, ಚೂರು ಮುರಿದು ನಾಲಿಗೆಗೆ ಒತ್ತುತ್ತಾರೆ. ಚೂರು ಅಂಟಿಕೊಳ್ಳುತ್ತದೆ.

"ಹ್ಞಾಂ, ಬಾಯಾರಿದೆ," ಎನ್ನುತ್ತಾರೆ.

ಅವರಿಗೀಗ ಅರವತ್ತೊಂದು. ಒಂದು ಕಾಲಕ್ಕೆ ಈ ಕಣಿವೆಯಲ್ಲಿ ಹನ್ನೊಂದು ಗೂಡುಗಳಿದ್ದವು. ಮನೆಮನೆಗೆ ಗ್ಯಾಸ್ ಬಂದ ಮೇಲೆ ಒಂದೊಂದೇ ಆರಿ, ಇವರದೊಂದು ಉಳಿದಿದೆ. ಮೂರು ಟನ್ ಹಸಿ ಬಿದಿರು ತುಂಬಿ ಇಪ್ಪತ್ತೈದು ದಿನ ಕಾದರೆ ಸಿಗುವುದು ನಾನೂರು ಕಿಲೋ. ಅಷ್ಟೂ ಪಟ್ಟಣದ ಆಸ್ಪತ್ರೆಯ ಕೊಳಚೆ ನೀರು ಶುದ್ಧಿಮಾಡುವ ಘಟಕಕ್ಕೆ ಹೋಗುತ್ತದೆ. ರೋಗಿಗಳು ನುಂಗಿದ ಮಾತ್ರೆಗಳ ಅಂಶ ಆ ನೀರಿನಲ್ಲಿರುತ್ತದೆ. ಅಲ್ಲಿ ಬೆರೆಸುವ ಒಂದು ರಾಸಾಯನಿಕ ಉಪ್ಪು ಇದ್ದಿಲಿನ ಮೈ ತಾಗಿದೊಡನೆ ಚುರುಕಾಗಿ ಆ ಅಂಶವನ್ನು ಒಡೆದುಹಾಕುತ್ತದೆ.

ಹೋದ ವರ್ಷದ ಮಳೆ ತಿಂಗಳಲ್ಲಿ ಹಾಗಾಗಲಿಲ್ಲ. ಘಟಕದ ಎಂಜಿನಿಯರ್ ಶೆನ್ ವಾನಿ ಇದ್ದಿಲಿನ ಚೀಲ ಹಿಡಿದು ಗುಡ್ಡ ಹತ್ತಿ ಬಂದಳು.

"ದೊಡ್ಡಮ್ಮಾ, ನಿಮ್ಮ ಇದ್ದಿಲು ಸೋಮಾರಿ ಆಗಿದೆ. ಮಾತ್ರೆ ಅಂಶ ನೀರಲ್ಲಿ ಹಾಗೇ ಉಳೀತಿದೆ. ಇನ್ನೊಂದ್ಸಲ ಹೀಗಾದ್ರೆ ಬೇರೆ ಕಡೆಯಿಂದ ತರಿಸ್ತೀವಿ."

"ನನ್ನ ಗೂಡಲ್ಲಿ ತಪ್ಪಿಲ್ಲಮ್ಮಾ," ಎಂದು ಸುಚಿನ್ ಚೀಲದಿಂದ ಚೂರು ತೆಗೆದು ನಾಲಿಗೆಗೆ ಒತ್ತಿದರು. ಅಂಟಲಿಲ್ಲ, ಜಾರಿಬಿತ್ತು.

ಪಕ್ಕದಲ್ಲಿದ್ದ ಗಂಡ ಫಗೆನ್ ನಕ್ಕುಬಿಟ್ಟರು. "ತಿಂಗಳಿಡೀ ನಮ್ಮ ಮಂಚದಡಿ ಬಿದ್ಕೊಂಡು ರಜಾಯಿ ಬೆವರು ಕುಡಿದಿದೆ. ಹೊಟ್ಟೆ ತುಂಬಿದ್ಮೇಲೆ ಮಾತ್ರೆ ಯಾಕೆ ಮುಟ್ಟತ್ತೆ?"

ಮಳೆಗಾಲದಲ್ಲಿ ತೇವ ಎಳೆಯಲೆಂದು ಹೊಸ ಇದ್ದಿಲಿನ ಚೀಲಗಳನ್ನು ಹಾಸಿಗೆಯ ಬಳಿ ಇಟ್ಟು, ಆಮೇಲೆ ಮಾರುವುದು ಈ ಊರಿನ ಹೆಂಗಸರ ರೂಢಿ. ಅತ್ತೆ ಕಲಿಸಿದ್ದನ್ನೇ ಸುಚಿನ್ ಮಾಡಿದ್ದರು. ಇದ್ದಿಲು ಒಲೆಗೆ ಹೋಗುತ್ತಿದ್ದ ಕಾಲದಲ್ಲಿ ಅದರಿಂದ ಯಾರಿಗೂ ನಷ್ಟವಿರಲಿಲ್ಲ.

ಈಗ ಮತ್ತೆ ಮಳೆ ತಿಂಗಳು. ಇಂದು ತೆಗೆದ ಇದ್ದಿಲು ಮನೆಯ ಹೊಸ್ತಿಲು ದಾಟುವುದಿಲ್ಲ. ಗೂಡಿನ ಬಾಯಲ್ಲೇ ತಗಡಿನ ಡಬ್ಬಗಳಿಗೆ ತುಂಬಿ, ಮುಚ್ಚಳದ ಅಂಚಿಗೆ ಮೇಣ ಬಳಿಯುತ್ತಾರೆ. ಏಳು ಗಂಟೆಗೆ ಡಬ್ಬ ಹೊತ್ತ ಗಾಡಿ ಗುಡ್ಡ ಇಳಿಯುತ್ತದೆ.

"ಆಸ್ಪತ್ರೆ ಮೋರಿ ಮೇಲಿರೋ ಪ್ರೀತಿ ನನ್ನ ಬೆನ್ನಿನ ಮೇಲಿಲ್ಲ ಇವಳಿಗೆ," ಎಂದು ಫಗೆನ್ ಬೂಷ್ಟು ಹಿಡಿದ ರಜಾಯಿಯನ್ನು ಒಲೆಯ ಮುಂದೆ ಹರಡುತ್ತಾರೆ.

ಐದನೆಯ ದಿನ ಶೆನ್ ಫೋನ್ ಮಾಡುತ್ತಾಳೆ. "ನೀರು ಚೊಕ್ಕ ಆಯ್ತು ದೊಡ್ಡಮ್ಮಾ. ಮುಂದಿನ ಗೂಡೂ ನಮಗೇ. ನಿಮಗೇನಾದ್ರೂ ಬೇಕಾ?"

ಸುಚಿನ್ ಗಂಡನ ಕಡೆ ನೋಡಿ ಫೋನಿನಲ್ಲಿ ಹೇಳುತ್ತಾರೆ:

"ನೀವು ಇದ್ದಿಲು ಜರಡಿ ಹಿಡಿಯುವಾಗ ಉದುರೋ ಪುಡಿ ಒಂದು ಚೀಲ ಕಳ್ಸಮ್ಮಾ. ನಮ್ಮ ರಜಾಯಿಗೆ ಅಷ್ಟು ಸಾಕು. ಗಟ್ಟಿ ಇದ್ದಿಲು ನೀರಿಗೇ ಇರ್ಲಿ."