ಅವಳ ಸಂಬಳ ಹೆಚ್ಚಬಾರದೆಂಬ ಆಸೆ

ನ್ಯಾಯಾಧೀಶರ ಸಂಬಳ ಹೆಚ್ಚಿಸಬೇಕೋ ಬೇಡವೋ ಎಂದು ತುಮಕೂರಿನ ಕೋರ್ಟಿನ ಬಳಿಯ ಟೀ ಅಂಗಡಿಯಲ್ಲಿ ಮಾತು ಬಂದಾಗಲೆಲ್ಲ ನಾನು ಬೇಡವೆನ್ನುವ ಕಡೆ. ಹೆಚ್ಚಿಸದಿದ್ದರೆ ಒಳ್ಳೆಯ ವಕೀಲರು ಆ ಕುರ್ಚಿಗೆ ಯಾಕೆ ಹೋಗುತ್ತಾರೆ ಎಂದು ಜೂನಿಯರ್‌ಗಳು ಕೇಳುತ್ತಿದ್ದರು. ನ್ಯಾಯವಾದ ಮಾತೇ. ಆದರೂ ನಾನು ಸೇವೆ, ತ್ಯಾಗ ಎಂದೆಲ್ಲ ಭಾಷಣ ಬಿಗಿಯುತ್ತಿದ್ದೆ. ಅದೆಲ್ಲ ಬರೀ ಓಳು. ನನ್ನ ಗೆಳತಿ ಜಡ್ಜ್ ಕೆಲಸ ಬಿಟ್ಟು ವಾಪಸ್ ಬರಲಿ, ನನಗೆ ಬೇಕಿದ್ದದ್ದು ಅಷ್ಟೇ.

ಕಾನೂನು ಓದುವಾಗ ನಾವಿಬ್ಬರೂ ತುಮಕೂರಿನ ಸದಾಶಿವನಗರದಲ್ಲಿ ಒಂದೇ ರೂಮಿನಲ್ಲಿದ್ದೆವು. ಅವಳು ಚನ್ನರಾಯಪಟ್ಟಣದ ಕಡೆಯವಳು, ನಾನು ಕುಣಿಗಲ್‌ನವಳು. ಓದು ಮುಗಿದ ಮೇಲೆ ಕೋರ್ಟಿನ ಹತ್ತಿರ ಪುಟ್ಟದೊಂದು ಆಫೀಸು ಹಿಡಿದು ಇಬ್ಬರ ಹೆಸರನ್ನೂ ಬೋರ್ಡಿಗೆ ಬರೆಸಿದೆವು. ನಾನು ಬರೆದ ದಾವೆಯಲ್ಲಿ ಅವಳು ಅರ್ಧಕ್ಕರ್ಧ ಹೊಡೆದುಹಾಕುತ್ತಿದ್ದಳು. "ಇದೇನೇ, ಕಥೆ ಬರ್ದಿದೀಯಾ?" ಎನ್ನುತ್ತಿದ್ದಳು. ಎದುರು ಪಾರ್ಟಿಯ ಕಷ್ಟವೇನು ಎಂದು ಮೊದಲು ಯೋಚಿಸುವುದು ಅವಳ ಚಾಳಿ. ನಮಗೆ ಫೀಸು ಕೊಡುವವರು ಯಾರೇ ಎಂದು ನಾನು ರೇಗುತ್ತಿದ್ದೆ. ಅವಳು ಸಿವಿಲ್ ಜಡ್ಜ್ ಪರೀಕ್ಷೆ ಪಾಸಾದಾಗ ಆಶ್ಚರ್ಯಪಟ್ಟವಳು ನಾನೊಬ್ಬಳೇ ಇರಬೇಕು.

ದೂರದ ಊರುಗಳಿಂದ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. "ಸಂಬಳ ಎಲ್ಲಿಗೂ ಸಾಲಲ್ಲ ಕಣೇ. ಕ್ವಾರ್ಟರ್ಸ್ ಸೋರ್ತದೆ. ಮತ್ತೆ ಸ್ಕೂಲು ಬದ್ಲಾಯಿಸ್ಬೇಕಾ ಅಂತ ಮಗಳು ಅಳ್ತಾಳೆ. ಇನ್ನೊಂದ್ ವರ್ಷ ನೋಡಿ ಬಿಟ್ಟು ಬಂದ್ಬಿಡ್ತೀನಿ." ನಾನು ಅಯ್ಯೋ ಪಾಪ ಎನ್ನುತ್ತಿದ್ದೆ. ಫೋನಿಟ್ಟ ಮೇಲೆ ಖುಷಿಯಾಗುತ್ತಿತ್ತು. ಇದನ್ನು ಹೇಳಿಕೊಳ್ಳಲು ನಾಚಿಕೆಯೇ, ಆದರೂ ನಿಜ.

ಹಲವು ಊರು ಸುತ್ತಿ ಅವಳು ಗುಬ್ಬಿಗೆ ವರ್ಗವಾಗಿ ಬಂದಳು. ತುಮಕೂರಿನಿಂದ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯೂ ಹಿಡಿಯದ ದಾರಿ. ನಾನು ಕುಣಿದಾಡಿದೆ. ಅವಳ ವಾರದ ಫೋನ್‌ಗಳಲ್ಲಿ ಕೊನೆಯದು ಬಂದದ್ದು ಆಗಲೇ. "ಇನ್ಮೇಲೆ ಮಾತಾಡೋದ್ ಬೇಡ ಕಣೇ. ನೀನು ಇದೇ ಜಿಲ್ಲೇಲಿ ಪ್ರಾಕ್ಟೀಸ್ ಮಾಡೋಳು." ಕುಣಿಗಲ್‌ನಲ್ಲಿ ನನ್ನಮ್ಮನಿಗೆ ಇದು ಅರ್ಥವಾಗಲಿಲ್ಲ. "ಇಷ್ಟ್ ಹತ್ರ ಬಂದವ್ಳೆ, ನಮ್ಮನೇಗೆ ಬರಕ್ಕೆ ಅವ್ಳಿಗೇನ್ ದಾಡಿ?" ಎಂದು ನನ್ನನ್ನೇ ಬಯ್ದಳು. ವಕೀಲರ ಮನೆಯಲ್ಲಿ ಜಡ್ಜ್ ಕೂತು ಮುದ್ದೆ ಉಣ್ಣುವಂತಿಲ್ಲ ಎಂದು ಅಮ್ಮನಿಗೆ ಹೇಗೆ ಹೇಳುವುದು?

ಗುಬ್ಬಿ ಕೋರ್ಟಿನಲ್ಲಿ ನನ್ನದೊಂದು ಹಳೇ ಕೇಸಿತ್ತು. ಒಬ್ಬ ಮುದುಕಮ್ಮನ ಹೊಲಕ್ಕೆ ಹೋಗುವ ದಾರಿಯ ತಕರಾರು. ಅದನ್ನು ಬೇರೆ ವಕೀಲರಿಗೆ ಒಪ್ಪಿಸಬೇಕಿತ್ತು. ಗೆಳತಿಯನ್ನು ಒಮ್ಮೆ ನೋಡಬೇಕೆಂಬ ಆಸೆಗೆ ನಾನೇ ಹೋದೆ. ಕೂದಲು ನೆರೆತಿತ್ತು, ಕನ್ನಡಕ ಬಂದಿತ್ತು. ನಕ್ಷೆ ನೋಡುತ್ತಾ, "ಈ ದಾರಿ ಬಿಟ್ರೆ ಎದುರಿನವರ ಬಾವಿಗೆ ತೊಂದರೆ ಆಗಲ್ವಾ?" ಎಂದು ಕೇಳಿದಳು. ಅದೇ ಹಳೇ ಚಾಳಿ! ನನಗೆ ಕೋರ್ಟು ಮರೆತೇಹೋಯಿತು. "ಅಯ್ಯೋ, ಹಂಗಲ್ಲ ಕಣೇ!" ಎಂದುಬಿಟ್ಟೆ.

ಎದುರಿನ ವಕೀಲರು ನನ್ನ ಮುಖ ನೋಡಿದರು, ಆಮೇಲೆ ಅವಳ ಮುಖ. ಅವಳು ತಲೆ ಎತ್ತಲಿಲ್ಲ. ಮುದುಕಮ್ಮನ ಪರ ವಕೀಲರು ತನಗೆ ಪರಿಚಯದವರು, ಈ ಕೇಸನ್ನು ಬೇರೆ ನ್ಯಾಯಾಲಯಕ್ಕೆ ಕಳಿಸಬೇಕೆಂದು ಜಿಲ್ಲಾ ನ್ಯಾಯಾಧೀಶರಿಗೆ ಬರೆಯುತ್ತೇನೆ ಎಂದು ಹೇಳಿ, ಎದ್ದು ಒಳಗೆ ಹೋದಳು.

ಹೊರಗೆ ಮುದುಕಮ್ಮ ನನ್ನ ಕೈ ಹಿಡಿದುಕೊಂಡಳು. "ಲಾಯರಮ್ಮ, ಜಡ್ಜಮ್ಮ ನಿಮ್ಗೆ ಬೇಕಾದೋರಾ? ಹಂಗಾರೆ ಗೆದ್ದಂಗೇ ಬುಡಿ!" ಎಂದಳು. ಪಾಪ, ನನ್ನ ಬಾಯಿಚಪಲಕ್ಕೆ ಆಕೆ ಆಮೇಲೆ ತುಮಕೂರಿನ ಕೋರ್ಟಿಗೆ ಅಲೆಯಬೇಕಾಯಿತು.

ಅದಾದ ಮೇಲೆ ನ್ಯಾಯಾಧೀಶರ ಸಂಬಳ ಏರಿತು. ಜೂನಿಯರ್‌ಗಳು ನನ್ನನ್ನು ರೇಗಿಸಿದರು. ನಾನು ನಗಲಿಲ್ಲ. ಸೋರುವ ಕ್ವಾರ್ಟರ್ಸ್ ಅವಳನ್ನು ವಾಪಸ್ ಅಟ್ಟೀತು ಎಂದು ನಾನಿಟ್ಟಿದ್ದ ನಂಬಿಕೆಯೂ ಹೋಯಿತು. ಮರುವರ್ಷ ಅವಳಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಸಾಮಾನು ಲಾರಿ ಹತ್ತಿಸಿದ ದಿನ ಮಧ್ಯಾಹ್ನ ಫೋನ್ ಬಂತು.

"ಅವತ್ತು ಚೇಂಬರ್‌ಗೆ ಹೋಗಿ ಅತ್ಬಿಟ್ಟೆ ಕಣೇ," ಎಂದಳು. "ಎದುರಿಗೆ ನಿಂತು ಯಾರಾದ್ರೂ ನನ್ನನ್ನ ಕಣೇ ಅಂತ ಮಾತಾಡ್ಸಿ ಎಷ್ಟ್ ವರ್ಷ ಆಗಿತ್ತೋ."

"ಹಂಗಾದ್ರೆ ಬಂದ್ಬಿಡೇ."

"ಇಲ್ಲ ಕಣೇ. ಸಂಬಳ ಹೆಚ್ದೇ ಇದ್ರೂ ಬರ್ತಿರ್ಲಿಲ್ಲ. ನಂಗೆ ಈ ಕೆಲ್ಸ ಇಷ್ಟ. ನಿಂಗೆ ಬೇಜಾರಾಗುತ್ತೆ ಅಂತ ಇಷ್ಟ್ ದಿನ ಹೇಳಿರ್ಲಿಲ್ಲ."

ಸಂಬಳದ ಮಾತಾಗಿದ್ದರೆ ಇನ್ನೂ ವಾದ ಮಾಡಬಹುದಿತ್ತು. "ಊಟ ಆಯ್ತೇನೇ?" ಎಂದು ಕೇಳಿದೆ.