ನೋಡುವುದಕ್ಕೆ ಮೂರು ಪದ

"ಇಂಗ್ಲಿಷಿನ್ಯಾಗ ಫೇಲ್ ಆಗ್ಯಾಳ್ರಿ ಅಣ್ಣಾರ. ಸಾಲಿ ಸಾಕು. ನಾಳಿಂದ ಅವರವ್ವನ ಜೋಡಿ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗ್ಲಿ," ಎಂದು ನೆರೆಮನೆಯ ಬಸಪ್ಪ ನಮ್ಮ ಕಟ್ಟೆಯ ಮೇಲೆ ಕುಳಿತು ಗುಡುಗಿದ. ಎಂಬತ್ತರ ದಶಕದ ಕೊನೆಯಲ್ಲಿ, ಬ್ಯಾಡಗಿಯಲ್ಲಿ ನಡೆದದ್ದಿದು. ಒಂಬತ್ತನೆಯ ತರಗತಿಯ ಅವನ ಮಗಳು ಗೀತಾ ತಲೆ ತಗ್ಗಿಸಿ ನಿಂತಿದ್ದಳು.

ಅವಳ ಕೈಯಲ್ಲಿದ್ದ ಉತ್ತರಪತ್ರಿಕೆಯನ್ನು ತೆಗೆದುಕೊಂಡು ನೋಡಿದೆ. 'ಸೀ', 'ಲುಕ್', 'ವಾಚ್' ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದು ಬರೆದಿದ್ದಳು. ಆ ಪ್ರಶ್ನೆಯ ಅಂಕ ಸಿಕ್ಕಿದ್ದರೆ ಪಾಸಾಗುತ್ತಿದ್ದಳು. ಪರೀಕ್ಷೆಗೆ ಮೊದಲು ಅವುಗಳ ವ್ಯತ್ಯಾಸ ಕೇಳಲು ಬಂದವಳಿಗೆ, ಗೊತ್ತಿಲ್ಲ ಎನ್ನಲು ನಾಚಿ, "ಮೂರಕ್ಕೂ ನೋಡೂದು ಅಂತನ ಅರ್ಥ ಐತಿ. ಯಾವುದಾರ ಹಾಕು" ಎಂದವನು ನಾನೇ. ಮ್ಯಾಟ್ರಿಕ್ ಪಾಸಾದ ನನ್ನ ಮಾತಿಗೆ ಓಣಿಯಲ್ಲಿ ಎದುರಿರಲಿಲ್ಲ.

"ಬಸಪ್ಪ, ಅದನ್ನ ತಪ್ಪು ಹೇಳಿಕೊಟ್ಟಾಂವ ನಾನ. ಹುಡುಗೀದು ತಪ್ಪಿಲ್ಲ," ಎಂದೆ.

ಅವನು ನಕ್ಕುಬಿಟ್ಟ. "ದೊಡ್ಡ ಮನಸ್ಸು ನಿಮ್ಮದು. ಆಕೀನ ಉಳಸಾಕ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ನೀವು ಹೇಳಿದ್ದು ಎಂದಾರ ತಪ್ಪಾಕ್ಕೈತೇನ್ರಿ?"

ಗೀತಾ ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಿತ್ತು. ಆದರೆ ಆ ಹೊಗಳಿಕೆ ಹಿತವಾಗಿತ್ತು. ಎಲೆ ಅಡಿಕೆಯ ತಟ್ಟೆಯನ್ನು ಬಸಪ್ಪನ ಮುಂದೆ ಸರಿಸಿದೆ.

ಗೀತಾ ಮತ್ತೆ ಶಾಲೆಗೆ ಹೋಗಲಿಲ್ಲ. ಈಗಲೂ ದಾರಿಯಲ್ಲಿ ಸಿಕ್ಕರೆ ಅವಳೇ ಮೊದಲು ಮಾತನಾಡಿಸುತ್ತಾಳೆ, ಆರಾಮವೇ ಎಂದು ಕೇಳುತ್ತಾಳೆ. ಅಂದು ಎರಡನೇ ಸಲ ಹೇಳದೆ ಉಳಿದದ್ದನ್ನು ಇಷ್ಟು ವರ್ಷಗಳ ಮೇಲೆ ಇಲ್ಲಿ ಹೇಳುತ್ತಿದ್ದೇನೆ. ಅವಳ ತಂದೆ ಇದನ್ನು ಓದಲು ಈಗ ಇಲ್ಲ.